ಹನ್ನೆರಡು ತಟ್ಟೆ, ಒಂದು ಅಪ್ಪೆಮಿಡಿ: ಟೇಸ್ಟಿಂಗ್ ಮೆನು ದುಡ್ಡು ಮಲೆನಾಡಿನವರೆಗೆ ಬರುತ್ತಾ?

2025ರಲ್ಲಿ ಎರಡು ಸುದ್ದಿ ಹತ್ತತ್ರ ಬಂತು. ಮಾರ್ಚ್ 28ಕ್ಕೆ ದೆಹಲಿ ಹೈಕೋರ್ಟ್, ರೆಸ್ಟೋರೆಂಟಿನವರು ಬಿಲ್ಲಿಗೆ ಸರ್ವಿಸ್ ಚಾರ್ಜ್ ಕಡ್ಡಾಯ ಮಾಡೋ ಹಾಗಿಲ್ಲ ಅಂತ ಹೇಳ್ತು. ಎರಡು ತಿಂಗಳು ಕಳೆಯೋದ್ರೊಳಗೆ, ಮೇ ತಿಂಗಳಲ್ಲಿ, ದುಬೈನ ಟ್ರೆಸಿಂಡ್ ಸ್ಟುಡಿಯೋ ಅನ್ನೋ ರೆಸ್ಟೋರೆಂಟಿಗೆ ಮೂರು ಮಿಶೆಲಿನ್ ಸ್ಟಾರ್ ಬಂತು, ಅಂದ್ರೆ ಮಿಶೆಲಿನ್ ಗೈಡ್ ರೆಸ್ಟೋರೆಂಟುಗಳಿಗೆ ಕೊಡೋ ಅತಿ ದೊಡ್ಡ ಮನ್ನಣೆ, ಭಾರತದ ಅಡುಗೆ ಮಾಡೋ ರೆಸ್ಟೋರೆಂಟ್ ಒಂದಕ್ಕೆ ಮೂರು ಸ್ಟಾರ್ ಸಿಕ್ಕಿದ್ದು ಪ್ರಪಂಚದಲ್ಲೇ ಮೊದಲ ಸಲ. ಶೆಫ್ ಹಿಮಾಂಶು ಸೈನಿ ಫೋಟೋ ಎಲ್ಲ ಕಡೆ ಓಡಾಡ್ತು. ಆಮೇಲೆ ನಮ್ಮ ಮಲೆನಾಡಿನ ಕಡೆ ಜನ ಕೇಳೋಕೆ ಶುರು ಮಾಡಿದ್ದು ಬೇರೆಯೇ ಪ್ರಶ್ನೆ: ಅಂಗೈಯಷ್ಟು ತಟ್ಟೇಲಿ ಎರಡು ಚಮಚ ಇಟ್ಟು ಸಾವಿರಗಟ್ಟಲೆ ತಗೊಳ್ತಾರಂತಲ್ಲ, ಅದು ಹೇಗೆ? ಸರ್ವಿಸ್ ಚಾರ್ಜ್ ಬೇಡ ಅಂತ ಕೋರ್ಟ್ ಹೇಳಿದ್ರೂ ಬಿಲ್ಲು ಯಾಕೆ ಇಳಿದಿಲ್ಲ? ಬೆಂಗಳೂರಿನ ದುಬಾರಿ ರೆಸ್ಟೋರೆಂಟುಗಳಲ್ಲಿ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕೋ ಕಾಡುಮಾವಿನ ಎಳೆಕಾಯಿ), ಕಳಲೆ (ಎಳೆ ಬಿದಿರು), ಮುರುಗಲು (ಕೋಕಂ), ಪತ್ರೊಡೆ (ಕೆಸುವಿನ ಎಲೆಯ ತಿಂಡಿ) ಎಲ್ಲ ಕಾಣಿಸ್ಕೊಳ್ತಿದೆಯಲ್ಲ, ಅದರಿಂದ ಸಾಗರ ತೀರ್ಥಹಳ್ಳಿ ಹೊಸನಗರದವ್ರಿಗೆ ಏನಾದ್ರೂ ಬರುತ್ತಾ?

ಕೊನೇ ಪ್ರಶ್ನೆನೇ ನಮಗೆ ಮುಖ್ಯ. ಅದಕ್ಕೆ ಉತ್ತರ ಬೇಕು ಅಂದ್ರೆ ಮೊದಲನೇದಕ್ಕೆ ಉತ್ತರ ಹುಡುಕ್ಬೇಕು, ಯಾಕಂದ್ರೆ ದುಡ್ಡು ಯಾವುದಕ್ಕೆ ಕೊಡ್ತಿದಾರೆ ಅಂತ ಗೊತ್ತಾಗದೆ ಅದು ಯಾರ ಕೈ ಸೇರುತ್ತೆ ಅಂತ ಗೊತ್ತಾಗಲ್ಲ.

ಆರಿಸೋದು ನೀವಲ್ಲ, ಶೆಫ್

ಟೇಸ್ಟಿಂಗ್ ಮೆನುವಿನಲ್ಲಿ ಏನು ತಿನ್ಬೇಕು ಅನ್ನೋದನ್ನ ಗಿರಾಕಿ ಆರಿಸಲ್ಲ. ಎಂಟೋ ಹತ್ತೋ ಹನ್ನೆರಡೋ ಐಟಂ, ಒಂದಾದ ಮೇಲೆ ಒಂದು, ಶೆಫ್ ನಿರ್ಧಾರ ಮಾಡಿದ ಕ್ರಮದಲ್ಲಿ ಬರುತ್ತೆ, ಊಟ ಮುಗಿಯೋಕೆ ಎರಡೂವರೆ ಮೂರು ಗಂಟೆ ಹಿಡಿಯುತ್ತೆ, ಎಲ್ಲರಿಗೂ ಒಂದೇ ರೇಟು, ಬಹಳ ಕಡೆ ಬುಕ್ ಮಾಡುವಾಗಲೇ ದುಡ್ಡು ಕಟ್ಟಿರ್ಬೇಕು. ಅಲರ್ಜಿ ಇದ್ರೆ, ಮಾಂಸ ತಿನ್ನಲ್ಲ ಅಂದ್ರೆ ಮೊದಲೇ ಹೇಳ್ಬೇಕು.

ಇದಕ್ಕೆ ಎರಡು ಬೇರು. ಒಂದು ಜಪಾನಿನ ಕೈಸೆಕಿ, ಅಂದ್ರೆ ಋತು ನೋಡ್ಕೊಂಡು ಸಣ್ಣ ಸಣ್ಣ ಪಾತ್ರೇಲಿ ಸರದಿ ಪ್ರಕಾರ ಬಡಿಸೋ ಊಟ. ಇನ್ನೊಂದು ಫ್ರಾನ್ಸಿನದು, 1970ರ ದಶಕದಲ್ಲಿ ಅಲ್ಲಿನ ಬಾಣಸಿಗರು ದಪ್ಪ ಸಾಸು, ದೊಡ್ಡ ದೊಡ್ಡ ತಟ್ಟೆ ಬಿಟ್ಟು ಹಗುರ ಅಡುಗೆ ಕಡೆ ತಿರುಗಿದ್ರು, ಅವರಲ್ಲಿ ಕೆಲವರು ಜಪಾನಿಗೂ ಹೋಗಿ ಬಂದಿದ್ರು, ಅಲ್ಲಿಂದ ಶೆಫ್ ಆರಿಸೋ ಮೆನು ದೊಡ್ಡ ರೆಸ್ಟೋರೆಂಟುಗಳ ರೂಢಿ ಆಯ್ತು. ಸ್ಪೇನಿನ ಎಲ್ ಬುಲ್ಲಿ ಇದನ್ನ ಮೂವತ್ತಕ್ಕೂ ಹೆಚ್ಚು ಐಟಂವರೆಗೆ ಎಳೆದು 2011ರಲ್ಲಿ ಬಾಗಿಲು ಹಾಕ್ತು. ನಮ್ಮ ದೇಶದಲ್ಲಿ ಮಿಶೆಲಿನ್ ಗೈಡೇ ಇಲ್ಲ, ಹಾಗಾಗಿ ಇಲ್ಲಿ ಯಾವ ರೆಸ್ಟೋರೆಂಟಿಗೂ ಆ ಸ್ಟಾರ್ ಇಲ್ಲ. ಮುಂಬೈನ ಮಾಸ್ಕ್, ಬೆಂಗಳೂರಿನ ಹೊರಗೆ ತೋಟದಲ್ಲಿರೋ ಫಾರ್ಮ್‌ಲೋರ್, ಹಿಮಾಚಲದ ಕಸೌಲಿ ಹತ್ರದ ನಾರ್, ಇವು ಹೆಸರು ಮಾಡಿದ್ದು ಏಷ್ಯಾದ ರೆಸ್ಟೋರೆಂಟ್ ಪಟ್ಟಿಗಳಿಂದ.

ತಟ್ಟೆ ಸಣ್ಣದು ಅನ್ನೋ ದೂರು ಇದೆಯಲ್ಲ, ಅದು ಫೋಟೋ ನೋಡಿ ಹುಟ್ಟೋ ದೂರು. ಒಂದು ಐಟಂ 60 ಗ್ರಾಂ ಅಂತ ಇಟ್ಕೊಂಡ್ರೂ ಹನ್ನೆರಡು ಸೇರಿದ್ರೆ ಮುಕ್ಕಾಲು ಕೇಜಿ ಹತ್ರ ಆಗುತ್ತೆ, ಹೊಟ್ಟೆ ತುಂಬೇ ತುಂಬುತ್ತೆ. ಕ್ರಮವಾಗಿ ಬಡಿಸೋದೂ ನಮಗೆ ಹೊಸದೇನಲ್ಲ. ಮಲೆನಾಡಿನ ಪಂಕ್ತೀಲಿ ಎಲೆ ತುದಿಗೆ ಉಪ್ಪು, ಉಪ್ಪಿನಕಾಯಿ, ಆಮೇಲೆ ಕೋಸಂಬರಿ ಪಲ್ಯ, ಅನ್ನಕ್ಕೆ ತೊವ್ವೆ, ತಂಬುಳಿ, ಸಾರು, ಹುಳಿ, ಸಿಹಿ, ಕೊನೆಗೆ ಮಜ್ಜಿಗೆ. ಏನು ಯಾವಾಗ ಬರುತ್ತೆ ಅಂತ ಎಲೆ ಮುಂದೆ ಕೂತವ್ರು ನಿರ್ಧಾರ ಮಾಡಲ್ಲ. ಆದ್ರೆ ಎಷ್ಟು ಅನ್ನೋದು ಮಾತ್ರ ಅವರ ಕೈಲೇ ಇರುತ್ತೆ, "ಇನ್ನೊಂಚೂರು ಹಾಕ್ಲಾ" ಅಂತ ಕೇಳ್ತಾನೇ ಇರ್ತಾರೆ. ಟೇಸ್ಟಿಂಗ್ ಮೆನುವಿನಲ್ಲಿ ಆ ಕೇಳೋದು ಇಲ್ಲ. ಇಡೀ ವ್ಯವಹಾರ ನಿಂತಿರೋದೇ ಅದರ ಮೇಲೆ.

ದುಡ್ಡು ಯಾವುದಕ್ಕೆ

ಶಿವಮೊಗ್ಗದ ಬಸ್ ಸ್ಟ್ಯಾಂಡ್ ಸುತ್ತಮುತ್ತ ಊಟದ ಹೋಟೆಲಲ್ಲಿ ಒಂದು ಕುರ್ಚಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಐದಾರು ಜನಕ್ಕಾದ್ರೂ ಆಗುತ್ತೆ. ಬಾಡಿಗೆ, ಕರೆಂಟು, ಅಡುಗೆ ಭಟ್ರ ಸಂಬಳ ಎಲ್ಲ ಆ ಐದಾರು ಜನದ ಮೇಲೆ ಹಂಚಿ ಹೋಗುತ್ತೆ. ಟೇಸ್ಟಿಂಗ್ ಮೆನು ಇರೋ ಕಡೆ ಅದೇ ಕುರ್ಚಿ ಇಡೀ ರಾತ್ರಿಗೆ ಒಬ್ಬರಿಗೆ, ಹೆಚ್ಚು ಅಂದ್ರೆ ಇಬ್ಬರಿಗೆ. ಒಟ್ಟು ಸೀಟೇ ಹದಿನೈದು ಇಪ್ಪತ್ತು. ಅಡುಗೆ ಮನೆ ಮತ್ತು ಬಡಿಸೋರು ಸೇರಿದ್ರೆ ಕೆಲಸದವ್ರ ಸಂಖ್ಯೆ ಗಿರಾಕಿಗಳ ಸಂಖ್ಯೆ ಹತ್ರನೇ ಬಂದ್ಬಿಡುತ್ತೆ.

ಲೆಕ್ಕ ಅರ್ಥ ಆಗ್ಲಿ ಅಂತ ಒಂದು ಅಂಕಿ ಇಟ್ಕೊಳ್ಳೋಣ, ಯಾವುದೇ ಒಂದು ರೆಸ್ಟೋರೆಂಟಿನದ್ದಲ್ಲ. ತಲೆಗೆ 5,000 ರೂಪಾಯಿ, 20 ಸೀಟು, ಎಲ್ಲ ತುಂಬಿದ್ರೆ ರಾತ್ರಿಗೆ 1 ಲಕ್ಷ. ಕೇಳೋಕೆ ದೊಡ್ಡದು. ಹೋಟೆಲ್ ಉದ್ಯಮದಲ್ಲಿ ರೂಢಿ ಲೆಕ್ಕ ಅಂದ್ರೆ ಬೆಲೆಯ ಮೂರನೇ ಒಂದು ಭಾಗದ ಆಸುಪಾಸು ಕಚ್ಚಾ ಸಾಮಾನಿಗೆ ಹೋಗುತ್ತೆ, ಅಂದ್ರೆ ಐದು ಸಾವಿರದಲ್ಲಿ ಸಾವಿರದ ಆರುನೂರು ಚಿಲ್ಲರೆ. ಉಳಿದಿದ್ದು ಸಂಬಳ, ಬಾಡಿಗೆ, ಪಿಂಗಾಣಿ ಗಾಜು, ಫ್ರಿಜ್ಜು ಫ್ರೀಜರು, ಸಾಲದ ಬಡ್ಡಿ, ಹೊಸ ಐಟಂ ಕಂಡುಹಿಡಿಯೋಕೆ ತಿಂಗಳುಗಟ್ಟಲೆ ಮಾಡಿ ಚೆಲ್ಲೋ ಪ್ರಯೋಗ. ಸೀಟು ಖಾಲಿ ಹೋದ್ರೆ ಆ ರಾತ್ರಿಯ ಖರ್ಚು ಎಲ್ಲೂ ಸಿಗಲ್ಲ, ಹೊರಟ ಬಸ್ಸಿನ ಖಾಲಿ ಸೀಟಿದ್ದ ಹಾಗೆ, ಅದಕ್ಕೇ ಮುಂಗಡ ತಗೊಳ್ಳೋದು. ಇನ್ನು ಎಲ್ಲರಿಗೂ ಒಂದೇ ಊಟ, ಎಷ್ಟು ಜನ ಅಂತ ಮೊದಲೇ ಗೊತ್ತು, ಹಾಗಾಗಿ ಅಡುಗೆ ಮನೇಲಿ ಮಿಕ್ಕಿ ಹಾಳಾಗೋದು ಮಾಮೂಲಿ ರೆಸ್ಟೋರೆಂಟಿಗಿಂತ ಕಮ್ಮಿ. ಸಣ್ಣ ಪ್ರಮಾಣ, ಮುಂಗಡ, ಆಯ್ಕೆ ಇಲ್ಲದಿರೋದು, ಈ ಮೂರೂ ಶೋಕಿಗೆ ಮಾತ್ರ ಮಾಡಿದ್ದಲ್ಲ, ಇವು ಇಲ್ಲದೇ ಹೋದ್ರೆ ಈ ನಮೂನೆ ಅಂಗಡಿ ಆರು ತಿಂಗಳು ನಡೆಯೋದೂ ಕಷ್ಟ.

ಇಷ್ಟೆಲ್ಲ ಇದ್ರೂ ಎಷ್ಟೋ ಕಡೆ ಲೆಕ್ಕ ಕೂಡಿಲ್ಲ. ಕೋಪನ್‌ಹೇಗನ್‌ನ ನೋಮಾ ಪ್ರಪಂಚದ ನಂಬರ್ ಒನ್ ಅಂತ ಹಲವು ಸಲ ಅನ್ನಿಸ್ಕೊಂಡಿದ್ದು, ಅಲ್ಲಿ ವರ್ಷಗಟ್ಟಲೆ ಕೆಲಸದ ದೊಡ್ಡ ಭಾಗ ಮಾಡ್ತಿದ್ದಿದ್ದು ಸಂಬಳ ಇಲ್ಲದ ಇಂಟರ್ನ್‌ಗಳು. 2022ರ ಅಕ್ಟೋಬರಿನಲ್ಲಿ ಅವರಿಗೆ ಸಂಬಳ ಕೊಡೋಕೆ ಶುರು ಮಾಡಿದ್ರು, 2023ರ ಜನವರಿಯಲ್ಲಿ ಶೆಫ್ ರೆನೆ ರೆಡ್ಜೆಪಿ ಈ ನಮೂನೆ ರೆಸ್ಟೋರೆಂಟ್ ಇನ್ನು ನಡೆಸೋಕಾಗಲ್ಲ ಅಂತ ಹೇಳಿದ್ರು. ಇದನ್ನ ನೆನಪಿಟ್ಕೊಳ್ಳಿ, ಕೂಲಿ ಇಲ್ಲದ ಕೈಗಳ ವಿಷಯ ಮಲೆನಾಡಿನ ಹೋಂಸ್ಟೇಗೂ ಬರುತ್ತೆ.

ಬಿಲ್ಲಿನ ಕೊನೇ ಸಾಲುಗಳು

ಸರ್ವಿಸ್ ಚಾರ್ಜ್ ಬೇರೆ, ಜಿಎಸ್‌ಟಿ ಬೇರೆ. ಜಿಎಸ್‌ಟಿ ಸರ್ಕಾರಕ್ಕೆ ಹೋಗೋ ತೆರಿಗೆ, ಮಾಮೂಲಿ ರೆಸ್ಟೋರೆಂಟಿಗೆ ಶೇ 5. ದುಬಾರಿ ಹೋಟೆಲಿನ ಒಳಗಿರೋ ರೆಸ್ಟೋರೆಂಟ್ ಆದ್ರೆ, ಅಂದ್ರೆ ದಿನಕ್ಕೆ 7,500ಕ್ಕಿಂತ ಹೆಚ್ಚು ಬಾಡಿಗೆಯ ರೂಮು ಕೊಡೋ ಜಾಗ, ಅಲ್ಲಿ ಶೇ 18. ವೈನು ಮದ್ಯ ಜಿಎಸ್‌ಟಿ ಒಳಗೆ ಬರಲ್ಲ, ಅದಕ್ಕೆ ರಾಜ್ಯದ ಲೆಕ್ಕ. ಸರ್ವಿಸ್ ಚಾರ್ಜ್ ಮಾತ್ರ ರೆಸ್ಟೋರೆಂಟಿನವರೇ ಹಾಕ್ಕೊಳ್ಳೋದು. ಅದನ್ನ ತಾನಾಗೇ ಬಿಲ್ಲಿಗೆ ಸೇರಿಸ್ಬಾರ್ದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ಕ್ಕೆ ಮಾರ್ಗಸೂಚಿ ತಂತು, ರೆಸ್ಟೋರೆಂಟ್ ಸಂಘಗಳು ಕೋರ್ಟಿಗೆ ಹೋದ್ವು, ಅದೇ ತಿಂಗಳು ತಡೆಯಾಜ್ಞೆ ಸಿಕ್ತು, 2025ರ ಮಾರ್ಚಿನಲ್ಲಿ ಕೋರ್ಟು ಮಾರ್ಗಸೂಚಿಯನ್ನ ಎತ್ತಿಹಿಡೀತು. ಸಂಘಗಳು ಮೇಲ್ಮನವಿಗೂ ಹೋದ್ವು.

ಆದ್ರೂ ಬಿಲ್ಲು ಯಾಕೆ ಇಳಿಯಲ್ಲ ಅಂದ್ರೆ, ತೀರ್ಪು ತಡೆದಿದ್ದು ಆ ಒಂದು ಸಾಲನ್ನ. ಊಟದ ಬೆಲೆ ಎಷ್ಟಿಡ್ಬೇಕು ಅನ್ನೋದನ್ನ ಅದು ಮುಟ್ಟಿಲ್ಲ. ಸರ್ವಿಸ್ ಚಾರ್ಜಿನ ಮೊತ್ತವನ್ನ ಊಟದ ರೇಟಿಗೇ ಸೇರಿಸಿದ್ರೆ ಯಾರೂ ಕೇಳೋ ಹಾಗಿಲ್ಲ, ಟೇಸ್ಟಿಂಗ್ ಮೆನು ಇರೋ ಕಡೆ ಒಂದೇ ರೇಟು ಇರೋದ್ರಿಂದ ಅದು ಇನ್ನೂ ಸುಲಭ. ಸರ್ವಿಸ್ ಚಾರ್ಜ್ ಅಂತ ಬೇರೆ ಸಾಲು ಹಾಕಿದ್ರೆ ತೆಗೀರಿ ಅನ್ನಬಹುದು, ತೆಗೀದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಪರ ಇರೋರು ಏನಂತಾರೆ, ವಿರೋಧ ಇರೋರು ಏನಂತಾರೆ

ಪರವಾಗಿರೋರ ವಾದ ಹೀಗೆ. ಕೆಸುವಿನ ಎಲೆ, ಹಲಸಿನ ಸೊಳೆ, ಮಿಡಿ, ಇವನ್ನೆಲ್ಲ ಬಡವರ ಊಟ ಹಳ್ಳಿ ಊಟ ಅಂತ ನಗರದವ್ರು ಮೂಲೆಗೆ ತಳ್ಳಿದ್ರು, ಈಗ ಅದೇ ನಗರದಲ್ಲಿ ದೊಡ್ಡ ರೇಟು ಕೊಟ್ಟು ತಿಂತಾರೆ ಅಂದ್ರೆ ಆ ಸಾಮಾನಿಗೆ ಮರ್ಯಾದೆ ಬಂತು, ಮರ್ಯಾದೆ ಬಂದ್ರೆ ಬೆಲೆ ಬರುತ್ತೆ, ಬೆಲೆ ಬಂದ್ರೆ ಮರ ಉಳಿಯುತ್ತೆ, ಮನೆ ಮಕ್ಕಳಿಗೂ ಈ ಅಡುಗೆ ಕಲಿಯೋಣ ಅನ್ಸುತ್ತೆ. ಈ ವಾದದ ಮೊದಲ ಅರ್ಧ ನಿಜ. ತಂಬುಳಿ ಅಂದ್ರೆ ಮೂಗು ಮುರೀತಿದ್ದವ್ರೇ ಈಗ ಒಂದೆಲಗ ದೊಡ್ಡಪತ್ರೆ ಹುಡುಕ್ಕೊಂಡು ಬರ್ತಾರೆ.

ವಿರೋಧ ಇರೋರು ಕೇಳೋದು: ಶೆಫ್ ಹೆಸರು ಮೆನು ಕಾರ್ಡಲ್ಲಿದೆ, ತೋಟದ ಹೆಸರು ಕೂಡ ಕೆಲವೊಮ್ಮೆ ಇರುತ್ತೆ, ಮರ ಹತ್ತಿದವನ ಹೆಸರು ಎಲ್ಲಿ? ರೆಸಿಪಿ ಹೇಳ್ಕೊಟ್ಟ ಅಜ್ಜಿ ಹೆಸರು ಎಲ್ಲಿ? ಅದಕ್ಕಿಂತ ಗಟ್ಟಿ ಪ್ರಶ್ನೆ ಇನ್ನೊಂದಿದೆ. ಮಲೆನಾಡಿನ ಊಟ ಅಂತ ತಟ್ಟೆಗೆ ಬರೋದು ಯಾರ ಮನೆ ಊಟ? ಹವ್ಯಕರ ಮನೆ ಅಪ್ಪೆಹುಳಿ, ತೊಡೆದೇವು ಸುಲಭಕ್ಕೆ ಬರುತ್ತೆ. ಒಕ್ಕಲಿಗರ ಮನೆ ಕಡುಬು ಕೋಳಿಸಾರು ಒಂದಿಷ್ಟು ಬರುತ್ತೆ. ದೀವರ ಮನೆ ಒಣಮೀನು, ಏಡಿ ಸಾರು? ಕಾಡು ಹಾದಿ ಯಾರಿಗಿಂತಲೂ ಚೆನ್ನಾಗಿ ಗೊತ್ತಿರೋ ಹಸಲರ ಗೆಡ್ಡೆ ಗೆಣಸು, ಚಗಳಿ (ಕೆಂಪಿರುವೆ) ಚಟ್ನಿ? ಚಗಳಿ ಚಟ್ನಿ ಬಂದ್ರೂ ಅಚ್ಚರಿಯ ಐಟಂ ಆಗಿ ಬರುತ್ತೆ, ದಿನಾ ತಿನ್ನೋರ ಊಟವಾಗಿ ಬರಲ್ಲ. ಹನ್ನೆರಡು ತಟ್ಟೇಲಿ ಒಂದು ಸೀಮೆಯನ್ನ ತೋರಿಸ್ತೀವಿ ಅಂದಾಗ ಯಾವುದು ಬಿಟ್ಟುಹೋಗುತ್ತೆ ಅನ್ನೋದು ಸಣ್ಣ ವಿಷಯ ಅಲ್ಲ, ಯಾಕಂದ್ರೆ ಹೊರಗಿನವ್ರು ಆಮೇಲೆ ಇಲ್ಲಿಗೆ ಬಂದು ಕೇಳೋದು ಆ ತಟ್ಟೇಲಿ ಕಂಡಿದ್ದನ್ನೇ, ಹೋಂಸ್ಟೇಯವ್ರು ಮಾಡೋಕೆ ಶುರು ಮಾಡೋದೂ ಅದನ್ನೇ. ಈ ವಿಷಯದಲ್ಲಿ ವಿರೋಧ ಇರೋರ ಮಾತು ಸರಿ ಅನ್ಸುತ್ತೆ.

ಒಂದು ಮಿಡಿಯ ಲೆಕ್ಕ

ಈಗ ಬೆಲೆ ಬಂದ್ರೆ ಮರ ಉಳಿಯುತ್ತೆ ಅನ್ನೋ ಎರಡನೇ ಅರ್ಧಕ್ಕೆ ಬರೋಣ. ಅಪ್ಪೆಮಿಡಿ ತಗೊಳ್ಳೋಣ, ಎಲ್ಲರಿಗೂ ಗೊತ್ತಿರೋದು. ಶರಾವತಿ, ವರದಾ, ಕುಮುದ್ವತಿ, ಅಘನಾಶಿನಿ ದಂಡೆ ಉದ್ದಕ್ಕೂ ಇರೋ ಕಾಡುಮಾವು, ಒಂದೊಂದು ಮರಕ್ಕೆ ಒಂದೊಂದು ಪರಿಮಳ, ಅನಂತಭಟ್ಟನ ಅಪ್ಪೆ, ಜೀರಿಗೆ ಮಿಡಿ ಅಂತ ಹೆಸರು. ಗೊರಟು ಬಲಿಯೋಕೆ ಮುಂಚೆ, ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಲ್ಲಿ ಕೊಳೆಯುತ್ತೆ. ಮಾರೋದು ತೂಕಕ್ಕಲ್ಲ, ನೂರಕ್ಕೆ ಇಷ್ಟು ಅಂತ.

ಒಂದು ಮಿಡಿಗೆ 10 ರೂಪಾಯಿ ಅಂತ ಇಟ್ಕೊಳ್ಳೋಣ, ಇದೂ ಲೆಕ್ಕಕ್ಕಷ್ಟೇ. 5,000ದ ಊಟದಲ್ಲಿ ಒಂದು ತಟ್ಟೆಗೆ ಒಂದು ಮಿಡಿ. ಊಟದ ಬೆಲೇಲಿ ಅದು ಐನೂರನೇ ಒಂದು ಭಾಗ. ನಾಳೆ ಮಿಡಿ ಬೆಲೆ ಮೂರು ಪಟ್ಟಾದ್ರೂ ರೆಸ್ಟೋರೆಂಟಿಗೆ ತಲೆಗೆ 20 ರೂಪಾಯಿ ವ್ಯತ್ಯಾಸ, ಗಿರಾಕಿಗೆ ಗೊತ್ತೂ ಆಗಲ್ಲ. ಅಂದ್ರೆ ಕೊಡೋ ಶಕ್ತಿ ಖಂಡಿತ ಇದೆ. ಆದ್ರೆ ಬೆಲೆ ನಿರ್ಧಾರ ಆಗೋದು ರೆಸ್ಟೋರೆಂಟಲ್ಲಿ ಅಲ್ಲ, ಕೊಯ್ದವ್ರು ರಿಪ್ಪನ್‌ಪೇಟೆಯಲ್ಲೋ ಸಾಗರದಲ್ಲೋ ವ್ಯಾಪಾರಿಗೆ ಕೊಟ್ಟಾಗಲೇ ಅದು ಮುಗಿದಿರುತ್ತೆ. ಮಧ್ಯದಲ್ಲಿ ಇಬ್ಬರು ಮೂವರು ಕೈ ಬದಲಾಗಿ ಬೆಂಗಳೂರಿಗೆ ಹೋದ ಮಿಡಿಗೆ ಅಲ್ಲಿ ಎಷ್ಟೇ ಮರ್ಯಾದೆ ಸಿಕ್ಕಿದ್ರೂ ಅದು ಹಿಂದಕ್ಕೆ ಹರಿದು ಬರೋಕೆ ದಾರಿನೇ ಇಲ್ಲ.

ಪ್ರಮಾಣವನ್ನೂ ನೋಡಿ. 20 ಸೀಟು, ವರ್ಷಕ್ಕೆ 250 ರಾತ್ರಿ, ದಿನಾ ತುಂಬಿದ್ರೂ 5,000 ಮಿಡಿ. ಒಳ್ಳೇ ಫಸಲು ಬಂದ ವರ್ಷ ಹೊಳೆದಂಡೆಯ ಕೆಲವೇ ದೊಡ್ಡ ಮರಗಳಿಂದ ಇಷ್ಟು ಸಿಗುತ್ತೆ. ಹಾಗಾಗಿ ಟೇಸ್ಟಿಂಗ್ ಮೆನು ನೇರವಾಗಿ ಮಲೆನಾಡನ್ನ ಉದ್ಧಾರನೂ ಮಾಡಲ್ಲ, ಹಾಳೂ ಮಾಡಲ್ಲ. ಪರ ವಿರೋಧ ಎರಡೂ ಕಡೆಯವ್ರು ಇಲ್ಲಿ ಅಳತೆ ತಪ್ಪಿದಾರೆ. ಪರಿಣಾಮ ಇರೋದು ಅದರ ಹಿಂದೆ ಬರೋ ಫ್ಯಾಷನ್ನಿನಲ್ಲಿ. ಇವತ್ತು ಇಪ್ಪತ್ತು ಸೀಟಿನ ಕಡೆ ಬಂದಿದ್ದು ಎರಡು ವರ್ಷ ಬಿಟ್ಟು ಮಾಲ್ ರೆಸ್ಟೋರೆಂಟಿಗೆ ಬರುತ್ತೆ, ಆಮೇಲೆ ಬಾಟಲಿಯಲ್ಲಿ, ಆನ್‌ಲೈನಲ್ಲಿ, ಚಿಪ್ಸಿನ ಫ್ಲೇವರಲ್ಲಿ. ಆಗ ಬೇಡಿಕೆ ಸಾವಿರದಲ್ಲಿ ಇರಲ್ಲ, ಲಾರಿ ಲೆಕ್ಕದಲ್ಲಿರುತ್ತೆ. ಮರ ಹತ್ತಿ ಒಂದೊಂದೇ ಕೊಯ್ಯೋ ತಾಳ್ಮೆ ಆಗ ಉಳಿಯಲ್ಲ, ಕೊಂಬೆ ಕಡಿದು ಕೆಳಗೆ ಇಳಿಸ್ತಾರೆ. ಇದು ಈಗಲೇ ಹಲವು ಕಡೆ ನಡೀತಿದೆ, ಹೊಳೆದಂಡೆಯ ಮರ ಯಾರ ಸ್ವಂತದ್ದೂ ಅಲ್ಲ ಅನ್ನೋದೇ ಅದಕ್ಕೆ ಕಾರಣ. ಮೊದಲು ಹೋದವ್ರಿಗೆ ಮಿಡಿ, ಮುಂದಿನ ವರ್ಷದ ಚಿಂತೆ ಯಾರಿಗೂ ಇಲ್ಲ.

ಅಪ್ಪೆಮಿಡಿಗೆ ಜಿಐ ಟ್ಯಾಗ್ (ಭೌಗೋಳಿಕ ಸೂಚಕ) ಇದೆಯಲ್ಲ ಅಂತ ಕೇಳ್ತಾರೆ. ಇದೆ. ಆದ್ರೆ ಜಿಐ ಕಾಪಾಡೋದು ಹೆಸರನ್ನ, ಬೇರೆ ಊರಿನ ಮಾವನ್ನ ಈ ಹೆಸರಲ್ಲಿ ಮಾರೋ ಹಾಗಿಲ್ಲ ಅನ್ನೋದನ್ನ. ಅದು ಬೆಲೆ ನಿಗದಿ ಮಾಡಲ್ಲ, ಮರ ಕಾಯಲ್ಲ. ಆ ಹಕ್ಕನ್ನ ಬಳಸ್ಕೊಳ್ಬೇಕು ಅಂದ್ರೆ ಬೆಳೆಗಾರರು ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರ್ಬೇಕು, ಕಾಡಲ್ಲಿ ಕೊಯ್ದು ತರೋ ಕೂಲಿಯವ್ರಿಗೆ ಆ ಕಾಗದಪತ್ರದ ದಾರಿ ಬಲು ದೂರ.

ಉಪ್ಪಾಗೆ ವಿಷಯದಲ್ಲಿ ಆಗಿದ್ದು

ಇದೆಲ್ಲ ಊಹೆ ಅಂದ್ಕೊಳ್ಬೇಡಿ. ಉಪ್ಪಾಗೆ ಅನ್ನೋ ಕಾಡಿನ ಹುಳಿಹಣ್ಣಿನ ವಿಷಯದಲ್ಲಿ ಇದು ಆಗಿ ಹೋಗಿದೆ. ಮಲೆನಾಡು, ಉತ್ತರ ಕನ್ನಡದ ಮನೆಗಳಲ್ಲಿ ಉಪ್ಪಾಗೆ ಸಿಪ್ಪೆ ಹುಳಿಗೆ, ಬೀಜದ ತುಪ್ಪ ಅಡುಗೆಗೆ ಬಳಸ್ತಿದ್ರು, ಉದುರಿದ ಹಣ್ಣು ಹೆಕ್ಕಿದ್ರೆ ಸಾಕಾಗ್ತಿತ್ತು. 1990ರ ದಶಕದಲ್ಲಿ ಅದರ ಸಿಪ್ಪೇಲಿರೋ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ತೂಕ ಇಳಿಸುತ್ತೆ ಅಂತ ಹೊರದೇಶದಲ್ಲಿ ಮಾತ್ರೆ ಬಂತು. 1998ರಲ್ಲೇ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದರಿಂದ ತೂಕ ಇಳಿಯೋದ್ರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಅಂತ ಹೇಳ್ತು, ಬೇಡಿಕೆ ಮಾತ್ರ ನಿಲ್ಲಲಿಲ್ಲ.

ಇಲ್ಲಿ ಏನಾಯ್ತು? ಹಣ್ಣಾಗೋವರೆಗೆ ಕಾದ್ರೆ ಬೇರೆಯವ್ರು ಕೊಯ್ಕೊಂಡು ಹೋಗ್ತಾರೆ ಅಂತ ಕಾಯನ್ನೇ ಕೊಯ್ದ್ರು, ಕೊಂಬೆ ಕಡಿದ್ರು. ಮಳೆಗಾಲದ ಫಸಲು, ಬಿಸಿಲಿಲ್ಲ, ಒಣಗಿಸೋಕೆ ಬೆಂಕಿ ಬೇಕು, ಆ ಬೆಂಕಿಗೆ ಕಾಡಿನ ಸೌದೆ. ಬಲಿಯದ ಕಾಯಿಯ ಬೀಜ ಹುಟ್ಟಲ್ಲ, ಹಾಗಾಗಿ ಮರದಡಿ ಹೊಸ ಸಸಿ ಇಲ್ಲ, ಹಣ್ಣು ತಿನ್ನೋ ಮಂಗ ಹಕ್ಕಿಗಳಿಗೂ ಇಲ್ಲ. ಬೆಲೆ ಏರಿದಷ್ಟೇ ಬೇಗ ಇಳಿಯುತ್ತೆ, ಕಾಯಿ ಒಣಗಿಸೋ ಹೊಗೆಗೂಡಿಗೆ ಸಾಲ ಮಾಡಿದವ್ರಿಗೆ ಸಾಲ ಉಳಿಯುತ್ತೆ. ಬೆಲೆ ಬಂದ್ರೆ ಮರ ಉಳಿಯುತ್ತೆ ಅನ್ನೋ ಮಾತು ಸ್ವಂತ ಜಮೀನಿನ ಮರಕ್ಕೆ ಸರಿ. ಕಾಡಿನ ಮರಕ್ಕೆ ಬೆಲೆ ಬಂದ್ರೆ ಮೊದಲು ಕಷ್ಟ ಬರೋದು ಮರಕ್ಕೇ.

ಕಳಲೆ, ಅಣಬೆ ಇನ್ನೂ ಸೂಕ್ಷ್ಮ. ಮುಂಗಾರಿನ ಮೊದಲ ಗುಡುಗಿಗೆ ಹುತ್ತದ ಮೇಲೆ ಏಳೋ ಅಣಬೆಯನ್ನ ಬೆಳೆಸೋಕೆ ಬರಲ್ಲ, ಗೆದ್ದಲು ಬೇಕೇಬೇಕು. ಕಳಲೆ ಕೊಯ್ದ್ರೆ ಆ ವರ್ಷದ ಬಿದಿರೇ ಹೋಯ್ತು. ರಕ್ಷಿತಾರಣ್ಯದಿಂದ ಅನುಮತಿ ಇಲ್ಲದೆ ತರೋದು ಅಪರಾಧ, 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಕಿರು ಅರಣ್ಯ ಉತ್ಪನ್ನದ ಹಕ್ಕು ಇರೋದು ಅರಣ್ಯವಾಸಿಗಳಿಗೆ. ಕಾರ್ಡಲ್ಲಿ ಕಾಡಿನ ಕಳಲೆ ಅಂತ ಬರೆದು ಬಡಿಸೋ ರೆಸ್ಟೋರೆಂಟು ಅದು ಯಾರ ಕೈಯಿಂದ, ಯಾವ ಜಮೀನಿಂದ ಬಂತು ಅಂತ ಹೇಳೋಕೆ ತಯಾರಿರ್ಬೇಕು. ಗಿರಾಕಿಗಳೂ ಕೇಳ್ಬೇಕು. ಇನ್ನೊಂದು ಮಾತು, ಕಳಲೆಯನ್ನ ಎರಡು ಮೂರು ದಿನ ನೀರು ಬದಲಾಯಿಸ್ತಾ ನೆನೆಸೋದು ರುಚಿಗೆ ಮಾತ್ರ ಅಲ್ಲ, ಹಸಿ ಕಳಲೇಲಿ ಸಯನೈಡ್ ಬಿಡೋ ಅಂಶ ಇರುತ್ತೆ, ನೋಡೋಕೆ ಚೆಂದ ಅಂತ ಹಸಿಯಾಗೇ ತಟ್ಟೆಗೆ ಹಾಕೋ ವಸ್ತು ಅದಲ್ಲ.

ಸೀಟು ಇಲ್ಲೇ ಇದ್ರೆ?

ದುಡ್ಡು ಸೀಟಿಗೆ, ಕೈಗಳಿಗೆ ಹೋಗುತ್ತೆ, ಸಾಮಾನಿಗೆ ಹೋಗೋದು ಕಮ್ಮಿ ಅಂತ ಮೇಲೆ ನೋಡಿದ್ವಿ. ಹಾಗಾದ್ರೆ ಮಲೆನಾಡಿಗೆ ಲಾಭ ಆಗ್ಬೇಕು ಅಂದ್ರೆ ಸಾಮಾನು ಬೆಂಗಳೂರಿಗೆ ಹೋಗೋದಕ್ಕಿಂತ ತಿನ್ನೋರು ಇಲ್ಲಿಗೆ ಬರ್ಬೇಕು. ಶೆಫ್ ಪ್ರತೀಕ್ ಸಾಧು ಮುಂಬೈ ಬಿಟ್ಟು ಕಸೌಲಿ ಹತ್ರದ ಬೆಟ್ಟದಲ್ಲಿ 2023ರಲ್ಲಿ ನಾರ್ ಶುರು ಮಾಡಿದ್ದು ಇದೇ ನಮೂನೆ, ಸೀಟು ಕೆಲವೇ, ಹಿಮಾಲಯದ ಅಡುಗೆ, ಊಟಕ್ಕೇ ಅಂತ ಜನ ಬೆಟ್ಟ ಹತ್ತಿ ಬರ್ತಾರೆ.

ಇಲ್ಲಿಗೆ ಬರೋ ದಾರಿ ಮೊದಲಿಗಿಂತ ಸಲೀಸಾಗಿದೆ. 2023ರಲ್ಲಿ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ ಶುರುವಾಯ್ತು, 2025ರ ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಮೇಲೆ 2.44 ಕಿಲೋಮೀಟರಿನ ಸಿಗಂದೂರು ಸೇತುವೆ ತೆರೀತು. ಇತ್ತ ಅಡಿಕೆಗೆ ಎಲೆಚುಕ್ಕೆ ರೋಗ, ತೀರ್ಥಹಳ್ಳಿ ಆಗುಂಬೆ ಹೊಸನಗರ ಕಡೆ ಫಸಲೇ ನಂಬೋ ಹಾಗಿಲ್ಲ, ಹಾಗಾಗಿ ಎಷ್ಟೋ ಮನೆಗಳು ಹೋಂಸ್ಟೇ ಕಡೆ ತಿರುಗಿವೆ. ಕಷ್ಟನೂ ಇದೆ: ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಹೇಳೋಕಾಗಲ್ಲ, ಫ್ರೀಜರ್ ನಂಬಿ ಮೆನು ಮಾಡೋ ಹಾಗಿಲ್ಲ, ವಾರದ ದಿನ ಖಾಲಿ, ಶನಿವಾರ ಭಾನುವಾರ ಜಾತ್ರೆ.

ಆದ್ರೆ ಹೋಂಸ್ಟೇ ಊಟ ಹೇಗೆ ನಡೆಯುತ್ತೆ ಅಂತ ಗಮನಿಸಿದ್ರೆ ಅದರ ಕಟ್ಟು ಟೇಸ್ಟಿಂಗ್ ಮೆನು ಥರಾನೇ ಇದೆ. ಎಷ್ಟು ಜನ ಅಂತ ಮೊದಲೇ ಹೇಳ್ಬೇಕು. ಮೆನು ಕಾರ್ಡ್ ಇಲ್ಲ. ಅವತ್ತು ಹಿತ್ತಲಲ್ಲಿ ತೋಟದಲ್ಲಿ ಏನಿದೆಯೋ ಅದು. ಇಲ್ಲದಿರೋದು ಬೆಲೆ. ತಲೆಗೆ ದಿನಕ್ಕೆ ಇಷ್ಟು ಅಂತ ರೂಮು, ಊಟ, ತಿಂಡಿ, ಕಾಫಿ, ತೋಟ ತೋರಿಸೋದು ಎಲ್ಲ ಒಂದೇ ಗಂಟಲ್ಲಿ ಕಟ್ಟಿರ್ತಾರೆ, ಊಟದ ಬೆಲೆ ಎಷ್ಟು ಅಂತ ಮನೆಯವ್ರಿಗೇ ಗೊತ್ತಿರಲ್ಲ. ಪತ್ರೊಡೆ ತಗೊಳ್ಳಿ. ಕೆಸುವಿನ ಎಲೆ ಕೊಯ್ಯಬೇಕು, ದಂಟು ನಾರು ತೆಗೀಬೇಕು, ಅಕ್ಕಿ ನೆನೆಸಿ, ತುರಿಕೆ ಬರದ ಹಾಗೆ ಹುಣಸೆಹಣ್ಣು ಹಾಕಿ ಮಸಾಲೆ ರುಬ್ಬಬೇಕು, ಎಲೆ ಎಲೆಗೂ ಸವರಿ ಸುತ್ತಿ, ಬೇಯಿಸಿ, ಆರಿಸಿ, ಹೆಚ್ಚಿ, ಒಗ್ಗರಣೆ ಹಾಕ್ಬೇಕು. ಹತ್ತು ಜನಕ್ಕೆ ಅಂದ್ರೆ ಒಬ್ಬ ಹೆಂಗಸಿನ ಅರ್ಧ ದಿನ. ಅಡಿಕೆ ಸುಲಿಯೋಕೆ ಬಂದವ್ರಿಗೆ ಕೂಲಿ ಲೆಕ್ಕ ಬರೆದಿಡೋ ಮನೇಲಿ ಈ ಅರ್ಧ ದಿನದ ಲೆಕ್ಕ ಯಾರೂ ಬರೆಯಲ್ಲ. ನೋಮಾದಲ್ಲಿ ಸಂಬಳ ಇಲ್ಲದ ಇಂಟರ್ನ್‌ಗಳಿದ್ರೆ ನಮ್ಮಲ್ಲಿ ಅತ್ತೆ ಸೊಸೆ ಇದಾರೆ. ಅಲ್ಲಿ ಆ ದುಡಿಮೆಯನ್ನ ಲೆಕ್ಕಕ್ಕೆ ತಂದಾಗ ಅಷ್ಟು ದೊಡ್ಡ ರೆಸ್ಟೋರೆಂಟಿನ ದುರ್ಬಲ ಜಾಗ ಹೊರಗೆ ಬಂತು, ಇಲ್ಲಿ ಲೆಕ್ಕಕ್ಕೆ ತಂದ್ರೆ ಈಗಿನ ಹೋಂಸ್ಟೇ ರೇಟುಗಳು ಎಷ್ಟು ಕಮ್ಮಿ ಅಂತ ಗೊತ್ತಾಗುತ್ತೆ.

ಮುಂದೆ ಏನಾಗಬಹುದು ಅಂದ್ರೆ, ಎರಡು ದಾರಿ ಕಾಣುತ್ತೆ. ಒಂದು, ಹೊರಗಿನ ಕಂಪನಿಗಳು ದೊಡ್ಡ ರೆಸಾರ್ಟ್ ಕಟ್ಟಿ, ಹೊರಗಿನ ಶೆಫ್ ತಂದು, ಮಲೆನಾಡ್ ಟೇಸ್ಟಿಂಗ್ ಮೆನು ಅಂತ ನಡೆಸ್ತಾರೆ, ಸುತ್ತಲಿನ ಊರಿನವ್ರಿಗೆ ಪಾತ್ರೆ ತೊಳೆಯೋ, ರೂಮು ಗುಡಿಸೋ ಕೆಲಸ ಸಿಗುತ್ತೆ. ಸೀಟು ಇಲ್ಲಿರುತ್ತೆ, ಆದ್ರೆ ಸೀಟಿನ ಮಾಲೀಕರು ಇಲ್ಲಿನವ್ರಲ್ಲ, ಹಾಗಾಗಿ ಲೆಕ್ಕ ಬದಲಾಗಲ್ಲ. ಇನ್ನೊಂದು, ಈಗಿರೋ ಹೋಂಸ್ಟೇಗಳೇ ಊಟವನ್ನ ರೂಮಿಂದ ಬೇರೆ ಮಾಡಿ ಅದಕ್ಕೇ ಒಂದು ರೇಟು ಹಾಕೋದು, ಮುಂಗಡ ತಗೊಳ್ಳೋದು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡ್ಸೋದು, ಅಡುಗೆ ಮಾಡಿದವ್ರ ಖಾತೆಗೆ ಅವರ ಪಾಲು ಹಾಕೋದು. ಉಳಿಯೋಕೆ ಬರದೇ ಊಟಕ್ಕಷ್ಟೇ ಬರೋರೂ ಆಗ ಬರ್ತಾರೆ, ಸೇತುವೆ ಆದ್ಮೇಲೆ ಸಾಗರದಿಂದ ತುಮರಿ ಕಡೆಗೆ ಮಧ್ಯಾಹ್ನದ ಊಟಕ್ಕೆ ಹೋಗಿ ಬರೋದು ಈಗ ಕಷ್ಟ ಅಲ್ಲ.

ಬೆಂಗಳೂರಿನ ರೆಸ್ಟೋರೆಂಟುಗಳ ಜೊತೆ ವ್ಯವಹಾರ ಮಾಡೋರು ಮಾಡ್ಲಿ, ಆದ್ರೆ ಮಾತುಕತೆ ಆಗ್ಬೇಕಿರೋದು ಹೂ ಬಿಡೋ ಮುಂಚೆ. ಇಂಥ ಮರದ ಮಿಡಿ, ಇಷ್ಟು ನೂರು, ಕೊಂಬೆ ಕಡಿಯದೆ ಕೊಯ್ದಿದ್ದು, ಇಷ್ಟು ರೇಟು, ಅರ್ಧ ಮುಂಗಡ. ಅಷ್ಟು ಸಣ್ಣ ಪ್ರಮಾಣಕ್ಕೆ ಅವರು ಹೆಚ್ಚು ಕೊಡೋಕೆ ಹಿಂದೆ ಮುಂದೆ ನೋಡ್ಬೇಕಾಗಿಲ್ಲ. ಹೊಳೆದಂಡೆಯ ಮರಗಳ ವಿಷಯಕ್ಕೆ ಪ್ರತಿ ಗ್ರಾಮ ಪಂಚಾಯ್ತೀಲೂ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಊರಿನ ಮರ ಗಿಡಗಳ ದಾಖಲೆ ಇಡೋದು ಅದರ ಕೆಲಸ. ಬಹಳ ಕಡೆ ಅದು ಕಾಗದದ ಮೇಲಷ್ಟೇ ಇದೆ, ಅದನ್ನ ಎಬ್ಬಿಸಿ ಯಾವ ಮರ ಎಲ್ಲಿದೆ, ಯಾರು ಯಾವಾಗ ಕೊಯ್ಯಬಹುದು ಅಂತ ಊರವ್ರೇ ಕೂತು ಬರೆದಿಟ್ರೆ ಕೊಂಬೆ ಕಡಿಯೋರನ್ನ ಕೇಳೋಕೆ ಒಂದು ಆಧಾರ ಆಗುತ್ತೆ. ಅಪ್ಪೆಯ ಕಸಿ ಗಿಡ ನರ್ಸರಿಗಳಲ್ಲಿ ಸಿಗುತ್ತೆ, ಎಲೆಚುಕ್ಕೆಗೆ ಅಡಿಕೆ ಹೋದ ಜಾಗದಲ್ಲಿ ಈ ಮಳೆಗಾಲಕ್ಕೇ ಹಾಕಿದ್ರೂ ಮಿಡಿ ಕೊಯ್ಯೋಕೆ ಇನ್ನೂ ಕೆಲವು ವರ್ಷ ಬೇಕು. ಅಷ್ಟರವರೆಗೆ ಬೇಡಿಕೆ ಎಷ್ಟೇ ಏರಿದ್ರೂ ಅದನ್ನ ಹೊರಬೇಕಾಗಿರೋದು ಈಗ ಹೊಳೆದಂಡೇಲಿ ನಿಂತಿರೋ ಹಳೇ ಮರಗಳೇ.